ಗಾಡಿಗೆ ಏನೂ ಆಗಿಲ್ಲ

"ಸಾರ್‌ಗೆ ಸ್ವಲ್ಪ ಫೋನ್ ಕೊಡಿ ಮೇಡಂ, ಗಾಡಿ ವಿಷಯ ಮಾತಾಡ್ಬೇಕಿತ್ತು."

ವಸಂತ್ ಅನ್ನೋ ಮನುಷ್ಯ ನನ್ನ ಜೊತೆ ಆಡಿದ ಮೊದಲ ಮಾತು ಇದು. ಆಲ್ಕೊಳದ ಸರ್ವೀಸ್ ಸೆಂಟರ್‌ನಿಂದ ಫೋನ್. ನಾನು ಭದ್ರಾವತಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ಯಾರದೋ ಮದುವೆ ಬ್ಲೌಸಿಗೆ ತೋಳು ಕೂರಿಸ್ತಾ ಇದ್ದೆ. ಬಾಯಲ್ಲಿ ಗುಂಡುಪಿನ್ನು ಬೇರೆ. ತೆಗೆದು ಮೇಜಿನ ಮೇಲಿಟ್ಟೆ.

"ಸಾರ್ ತೀರಿಕೊಂಡು ಆರು ವರ್ಷ ಆಯ್ತು. ಗಾಡಿ ನಂದು, ಓಡಿಸೋದೂ ನಾನೇ. ಈಗ ಹೇಳಿ, ಏನು ವಿಷಯ?"

ಆ ಕಡೆಯಿಂದ ಮೆಲ್ಲಗೆ, "ಮೊದಲ್ನೇ ಸರ್ವೀಸ್ ಡ್ಯೂ ಇದೆ ಮೇಡಂ. ತಪ್ಪಾಯ್ತು."

ನನ್ನ ಸಿಟ್ಟು ಅಷ್ಟಕ್ಕೆಲ್ಲ ಇಳಿಯೋದಲ್ಲ. "ನೀವು ಮನೆಗೇ ಬಂದು ಸರ್ವೀಸ್ ಮಾಡ್ತೀರಂತಲ್ಲ? ಮಂಗಳವಾರ ಅಂಗಡಿಗೆ ರಜೆ, ಹೊಸಮನೆ ಬಡಾವಣೆಯ ಮನೇಲಿ ಇರ್ತೀನಿ. ಆ ತಪ್ಪಾಯ್ತನ್ನ ಎದುರಿಗೆ ಬಂದು ಹೇಳಿ," ಅಂದು ಕಟ್ ಮಾಡಿದೆ.

ಬಂದ. ಬೈಕಿನ ಹಿಂದೆ ಟೂಲ್ ಬಾಕ್ಸ್ ಕಟ್ಟಿಕೊಂಡು. ನಲವತ್ತು ದಾಟಿದ ಮುಖ, ಕಿವಿ ಪಕ್ಕ ನೆರೆತ ಕೂದಲು, ಕಣ್ಣಲ್ಲಿ ಮಾತ್ರ ಮೇಷ್ಟ್ರ ಹತ್ರ ಬೈಸಿಕೊಂಡ ಹುಡುಗನ ಹೆದರಿಕೆ. ಗೇಟಿನ ಹತ್ರ ನಿಂತೇ "ತಪ್ಪಾಯ್ತು ಮೇಡಂ" ಅಂದ. ನಗು ಬಂತು, ನುಂಗಿಕೊಂಡೆ.

ಎಲೆಕ್ಟ್ರಿಕ್ ಕಾರಿಗೆ ಆಯಿಲ್ ಇಲ್ಲ, ಪ್ಲಗ್ ಇಲ್ಲ. ಹಾಗಾದ್ರೆ ಇವನು ಮಾಡೋದೇನು ಅಂತ ಪಕ್ಕದಲ್ಲೇ ನಿಂತು ನೋಡಿದೆ. ಮುಂದಿನ ಟೈರ್ ಹಿಂದಕ್ಕೆ, ಹಿಂದಿನದ್ದು ಮುಂದಕ್ಕೆ ಹಾಕಿದ. ಬ್ಯಾಟರಿ ತಣಿಸೋ ಕೂಲೆಂಟ್ ಎಷ್ಟಿದೆ ನೋಡಿದ. ಚಾರ್ಜಿಂಗ್ ಪಾಯಿಂಟಿನ ಧೂಳನ್ನ ಸಣ್ಣ ಬ್ರಷ್ ಹಿಡಿದು ತೆಗೆದ. ಎಸಿ ಫಿಲ್ಟರ್ ಹೊರಗೆಳೆದರೆ ಅದರ ತುಂಬ ಕೆಂಪು, ಹಸಿರು, ಜರಿ ದಾರದ ಚೂರು.

"ಏನ್ರೀ ಇದು, ಗಾಡಿ ಒಳಗೂ ಬ್ಲೌಸ್ ಹೊಲೀತೀರಾ?"

"ಹೂಂ. ನಿಮಗೂ ಒಂದು ಶರ್ಟ್ ಹೊಲೀಲಾ? ಕಾಲರ್ ಹರಿದಿದೆ."

ಅವನ ಕೈ ಥಟ್ಟನೆ ಕಾಲರಿಗೆ ಹೋಯ್ತು. ಕಿವಿ ಕೆಂಪಾಯ್ತು. ಅಷ್ಟು ದೊಡ್ಡ ಗಂಡಸಿನ ಕಿವಿ ಕೆಂಪಾಗೋದನ್ನ ನಾನು ಅವತ್ತೇ ನೋಡಿದ್ದು. ನೋಡಿದೋಳು ಬೇಗ ಕಣ್ಣು ತೆಗೀಲೂ ಇಲ್ಲ.

ಹೊರಡುವಾಗ ಹೇಳಿದ: "ಈ ಗಾಡಿಗಳಲ್ಲಿ ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಮೋಟರೇ ಸ್ಪೀಡ್ ಇಳಿಸುತ್ತೆ ಮೇಡಂ. ಬ್ರೇಕಿಗೆ ಕೆಲಸ ಕಮ್ಮಿ. ಅದಕ್ಕೇ ತುಕ್ಕು ಹಿಡಿಯುತ್ತೆ. ಆಗಾಗ ನೋಡ್ತಾ ಇರ್ಬೇಕು."

"ಆಗಾಗ ಅಂದ್ರೆ?"

"ವರ್ಷಕ್ಕೊಂದ್ಸಲ ಸಾಕು." ಟೂಲ್ ಬಾಕ್ಸ್ ಕಟ್ಟುತ್ತಾ, ನನ್ನ ಮುಖ ನೋಡದೇ, "ತಿಂಗಳಿಗೊಂದ್ಸಲ ನೋಡಿದ್ರೂ ತಪ್ಪೇನಿಲ್ಲ," ಅಂದ.

ತಿಂಗಳಿಗೊಂದ್ಸಲವೇ ನೋಡಿದ.

ಸುಳ್ಳು ಯಾಕೆ ಹೇಳಲಿ, ಅವನು ಬರೋ ಮಂಗಳವಾರ ನಾನು ಬೆಳಗ್ಗೆನೇ ತಲೆಗೆ ಸ್ನಾನ ಮಾಡಿ, ಒಳ್ಳೇ ಸೀರೆ ಉಟ್ಟು, ಏನೂ ಇಲ್ಲದವಳ ಹಾಗೆ ಓಡಾಡ್ತಿದ್ದೆ. ಅವನು ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡೇ ಕಾಫಿ ಲೋಟ ಮುಟ್ಟೋನು. ಅವನ ಊರೂ ನನ್ನ ಅಂಗಡಿ ಇರೋ ಭದ್ರಾವತಿಯೇ. ಮದುವೆಯಾಗಿ ಎರಡೇ ವರ್ಷಕ್ಕೆ ಹೆಂಡತಿ ಡಿವೋರ್ಸ್ ತಗೊಂಡು ಹೋಗಿದ್ದಳಂತೆ.

"ತಪ್ಪು ಅವಳದೊಂದೇ ಅಲ್ಲ. ನಾನು ಮನೇಲಿ ಮಾತೇ ಆಡ್ತಿರ್ಲಿಲ್ಲ," ಅಂದ ಒಂದು ದಿನ.

"ಇಲ್ಲಿ ಬಾಯಿ ಮುಚ್ಚೋದೇ ಇಲ್ವಲ್ಲ ಮಾರಾಯ್ರೆ?"

"ಇಲ್ಲಿ ಕೇಳೋರಿದ್ದಾರೆ."

ಲೋಟದ ಅಂಚಿನ ಮೇಲಿಂದ ನೋಡಿದ. ನನ್ನ ಎದೆ ಝಲ್ ಅಂತು. ಮೂವತ್ತೊಂಬತ್ತು ವರ್ಷದ ಹೆಂಗಸಿನ ಎದೆ ಝಲ್ ಅನ್ನಬಾರದು ಅಂತ ಯಾರಾದ್ರೂ ಕಾನೂನು ಮಾಡಿದ್ದಾರಾ?

ಮಾಡಿದ್ದರು. ನಮ್ಮ ಮನೆಯಲ್ಲೇ. ಗಂಡ ಹೋದ ಮೇಲೂ ನಾನು ಇರೋದು ಅದೇ ಮನೆಯಲ್ಲಿ: ಅತ್ತೆ ವಿಮಲಮ್ಮ, ಮೈದುನ ನಿಶಾಂತ, ಅವನ ಹೆಂಡತಿ ಭೂಮಿಕಾ. ಎದುರುಮನೆ ದಾಕ್ಷಾಯಣಮ್ಮ ಅತ್ತೆಯನ್ನ ನಿಲ್ಲಿಸಿ ಕೇಳಿದ್ದರಂತೆ, "ಕರೆಂಟ್ ಗಾಡಿಗೆ ರಿಪೇರಿನೇ ಇರಲ್ಲ ಅಂತಾನೆ ನಮ್ಮಳಿಯ. ನಿಮ್ಮನೇದು ಯಾಕೋ ಸದಾ ಕಾಯಿಲೆ ಬೀಳುತ್ತಲ್ಲ?"

ಅವತ್ತು ಊಟದ ಹೊತ್ತಲ್ಲಿ ನಿಶಾಂತ ತಟ್ಟೆಯಿಂದ ಮುಖ ಎತ್ತದೇ ಹೇಳಿದ, "ಅತ್ತಿಗೆ, ಇನ್ಮೇಲೆ ಆ ಮನುಷ್ಯ ಈ ಗೇಟ್ ದಾಟಬಾರ್ದು. ಗಾಡಿಗೆ ಏನಾದ್ರೂ ಆದ್ರೆ ನಾನು ತಗೊಂಡು ಹೋಗ್ತೀನಿ."

"ಗಾಡಿಗೆ ಏನಾಗಿದೆ ಅಂತ ಅವರನ್ನೇ ಕೇಳು," ಅಂದೆ. "ಆಯುಧಪೂಜೆ ದಿನ ಕರೀತೀನಿ. ಎಲ್ಲರೂ ಮನೇಲೇ ಇರ್ತೀರಲ್ಲ."

ಅನ್ನೋದೇನೋ ಅಂದೆ. ರೂಮಿಗೆ ಬಂದು ಬಾಗಿಲು ಹಾಕಿಕೊಂಡೆ. ವಸಂತ್‌ಗೆ ಫೋನ್ ಮಾಡಿದೆ.

"ಎಲ್ಲರ ಎದುರಿಗೆ ಕೇಳ್ತಾರೆ. ಬ್ರೇಕು, ತುಕ್ಕು ಅಂತ ಏನಾದ್ರೂ ಸುಳ್ಳು ಹೇಳಿದ್ರೋ, ಅವತ್ತಿಗೇ ಕೊನೆ. ಕದ್ದು ಪ್ರೀತಿ ಮಾಡೋ ವಯಸ್ಸಲ್ಲ ನಂದು."

ಪ್ರೀತಿ ಅನ್ನೋ ಮಾತು ನನ್ನ ಬಾಯಿಂದಲೇ ಮೊದಲು ಬಂದಿತ್ತು. ಅವನು "ಬರ್ತೀನಿ" ಅಂದ. ಬಂದು ಏನು ಹೇಳ್ತಾನೆ ಅಂತ ನನಗೆ ಗೊತ್ತಿರಲಿಲ್ಲ. ಎಲ್ಲರ ಎದುರು ಹೆದರಿ ಸುಳ್ಳು ಹೇಳಿಬಿಟ್ಟರೆ ನಾನು ಆಡಿದ ಮಾತಿಗೆ ನಿಲ್ಲಲೇಬೇಕಿತ್ತು, ಅದೇ ನನಗೆ ಭಯ.

ಆಯುಧಪೂಜೆ ಬೆಳಗ್ಗೆ ಬೈಕು, ಸ್ಕೂಟರು, ನನ್ನ ಕಾರು, ಎಲ್ಲಕ್ಕೂ ಚೆಂಡುಹೂವಿನ ಹಾರ ಬಿತ್ತು. ಕಾರಿನ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಯ್ತು. ಅರಿಶಿನ ಕುಂಕುಮದ ತಟ್ಟೆ ಭೂಮಿಕಾ ಕೈಯಲ್ಲಿತ್ತು. ನಾನು ಕೈ ಚಾಚಿದೆ. ಅತ್ತೆ ಅಡ್ಡ ಬಂದರು.

"ಮುತ್ತೈದೆ ಕೈಯಲ್ಲಿ ಆಗ್ಲಿ ಕಣೇ ಸುಮನಾ. ನಿನ್ನ ಒಳ್ಳೇದಕ್ಕೇ ಹೇಳೋದು."

ಹೋದ ವರ್ಷ ಹೊಸ ಗಾಡಿ ಬಂದಾಗಲೂ ಇದೇ ಮಾತು. ಆಗ ಸುಮ್ಮನೆ ಹಿಂದೆ ಸರಿದಿದ್ದೆ. ಈ ಸಲ ಸರೀಲಿಲ್ಲ, ಅಲ್ಲೇ ನಿಂತೆ. ಅಷ್ಟರಲ್ಲಿ ವಸಂತ್ ಗೇಟ್ ದಾಟಿ ಒಳಗೆ ಬಂದ. ಟೂಲ್ ಬಾಕ್ಸ್ ತಂದಿರಲಿಲ್ಲ.

ನಿಶಾಂತ ಗೇಟ್ ಹಾಕಿ ಅದಕ್ಕೇ ಅಡ್ಡ ನಿಂತ. "ಬನ್ನಿ ಸ್ವಾಮಿ. ತಿಂಗಳು ತಿಂಗಳು ಬರ್ತೀರಲ್ಲ, ಈ ಗಾಡಿಗೆ ಆಗಿರೋದಾದ್ರೂ ಏನು?"

ಎದುರುಮನೆ ಕಾಂಪೌಂಡ್ ಮೇಲೆ ದಾಕ್ಷಾಯಣಮ್ಮನ ಕತ್ತು ಉದ್ದವಾಯ್ತು. ವಸಂತ್ ನನ್ನ ಕಡೆ ನೋಡಿದ. ನಾನು ಸಹಾಯಕ್ಕೆ ಹೋಗಲಿಲ್ಲ. ಹೇಳು ಮಾರಾಯ, ಹೇಳು ಅಂತ ಮನಸ್ಸಲ್ಲೇ ಬೇಡಿಕೊಂಡೆ.

"ಗಾಡಿಗೆ ಏನೂ ಆಗಿಲ್ಲ," ಅಂದ. "ಮೊದಲ್ನೇ ಸರ್ವೀಸ್ ಆದ್ಮೇಲೆ ಮಾಡೋಕೆ ಏನೂ ಇರ್ಲಿಲ್ಲ. ಸುಮನಾ ಅವರನ್ನ ನೋಡೋಕೆ ಬರ್ತಿದ್ದೆ. ಅವರು ಒಪ್ಪಿದ್ರೆ ಮದುವೆ ಆಗ್ತೀನಿ. ಒಪ್ಪದಿದ್ರೂ ವರ್ಷಕ್ಕೊಂದ್ಸಲ ಸರ್ವೀಸಿಗೆ ಬರ್ತೀನಿ, ಅದು ನನ್ನ ಕೆಲಸ."

ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

"ನಾಚಿಕೆ ಆಗಲ್ವೇನೇ ನಿಂಗೆ?" ಅತ್ತೆ ನನ್ನ ಮೇಲೆ ತಿರುಗಿದರು. "ಜನ ಏನಂತಾರೆ?"

"ಏನು ಬೇಕೋ ಅನ್ಲಿ ಅತ್ತೆ. ನಿಮ್ಮ ಮಗ ಇದ್ದಷ್ಟು ದಿನ ಅವರ ಜೊತೆ ಮನಸಾರೆ ಬಾಳಿದೀನಿ. ಅದಕ್ಕೆ ನಂಗೆ ನಾಚಿಕೆ ಇಲ್ಲ. ಇದಕ್ಕೂ ಇಲ್ಲ. ನಾನು ಒಪ್ಪಿದೀನಿ."

ಭೂಮಿಕಾ ಗಂಡನ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು. ಆಮೇಲೆ ತಟ್ಟೆಯನ್ನ ನನ್ನ ಕಡೆ ಚಾಚಿ, "ತಗೊಳ್ಳಿ ಅಕ್ಕ," ಅಂದಳು.

ಕುಂಕುಮ ತಗೊಂಡು ಬಾನೆಟ್ಟಿಗೆ ಇಟ್ಟೆ, ಸ್ಟೀರಿಂಗಿಗೆ ಇಟ್ಟೆ. ಬೆರಳಲ್ಲಿ ಉಳಿದದ್ದನ್ನ ನನ್ನ ಹಣೆಗೆ ಇಟ್ಟುಕೊಂಡೆ. ವಸಂತ್ ಒಂದು ಹೆಜ್ಜೆ ಮುಂದೆ ಬಂದಿದ್ದ. ಬೇಡ ಅಂತ ಕಣ್ಣಲ್ಲೇ ಹೇಳಿದೆ. ಇದು ನನ್ನ ಕೈಯಲ್ಲೇ ಆಗಬೇಕಿತ್ತು.

"ಹತ್ತಿ," ಅಂದೆ ಅವನಿಗೆ.

ಅಭ್ಯಾಸಬಲ, ಡ್ರೈವರ್ ಬಾಗಿಲಿಗೆ ಕೈ ಹಾಕಿದ. "ಆ ಕಡೆ!" ಅಂದೆ. ಕಿವಿ ಕೆಂಪು ಮಾಡಿಕೊಂಡು ಸುತ್ತಿ ಹೋಗಿ ಪಕ್ಕದ ಸೀಟಲ್ಲಿ ಕೂತ.

"ಎಲ್ಲಿಗೆ?"

"ಭದ್ರಾವತಿಗೆ. ಹೊಲಿಗೆ ಮಿಷನ್ನಿಗೂ ಪೂಜೆ ಆಗ್ಬೇಕಲ್ಲ. ಗೇಟ್ ತೆಗಿ ನಿಶಾಂತ."

ಅವನು ಅಲುಗಾಡಲಿಲ್ಲ. ನಾನೂ ಬ್ರೇಕಿನಿಂದ ಕಾಲು ತೆಗೀದೇ ಅವನನ್ನೇ ನೋಡ್ತಾ ಕೂತೆ. ಆಗ ಅತ್ತೆ, ಮುಖ ಅತ್ತ ತಿರುಗಿಸಿಕೊಂಡೇ, ಸಿಡುಕಿದರು. "ಪೂಜೆ ಆದ ಗಾಡಿನ ನಿಂಬೆಹಣ್ಣು ದಾಟಿಸದೇ ನಿಲ್ಲಿಸಬಾರ್ದು ಕಣೋ. ತೆಗಿಯೋ ಗೇಟು!"

ಗೇಟು ತೆಗೀತು. ಎಂಜಿನ್ ಸದ್ದೇ ಇಲ್ಲದ ಗಾಡಿ ನಂದು. ನಿಂಬೆಹಣ್ಣು ಫಟ್ ಫಟ್ ಅಂತ ಒಡೆದದ್ದು ಎದುರುಮನೆ ತನಕ ಕೇಳಿಸಿತು.