ಮೊದಲು ನ್ಯೂಟ್ರಲ್‌ಗೆ ಬನ್ನಿ

"ಮೊದಲು ನ್ಯೂಟ್ರಲ್‌ಗೆ ಬನ್ನಿ ಮೇಡಂ" ಅಂದುಬಿಟ್ಟ.

ಏರುರಸ್ತೆಯ ಅರ್ಧದಲ್ಲಿ ಅವನ ಹಳೇ ಕಾರು ನನ್ನ ಕೈಯಲ್ಲಿ ಆಫ್ ಆಗಿ ನಿಂತಿತ್ತು. ಹಿಂದಿನವರೆಲ್ಲ ಹಾರ್ನ್ ಬಾರಿಸುತ್ತಿದ್ದರು. ನಾನು ಮತ್ತೆ ಕೀಗೆ ಕೈ ಹಾಕುತ್ತಾ, ಎಷ್ಟೋ ದಿನದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಆ ಗದ್ದಲದಲ್ಲೇ ಕೇಳಿಬಿಟ್ಟಿದ್ದೆ: "ನಮ್ಮಿಬ್ಬರ ಮಧ್ಯೆ ಏನಾದ್ರೂ ಇದೆಯಾ, ಇಲ್ವಾ?"

ಅದಕ್ಕೆ ಬಂದ ಉತ್ತರ ಇದು. ನ್ಯೂಟ್ರಲ್. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

ಹ್ಯಾಂಡ್‌ಬ್ರೇಕ್ ಎಳೆದು, ಕೀಯನ್ನು ಅವನ ತೊಡೆಯ ಮೇಲೆ ಎಸೆದು, ಇಳಿದು ನಡೆದೇಬಿಟ್ಟೆ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ನಾನು. ಅವನು ಬಾಯಿ ತೆರೆದುಕೊಂಡು ನೋಡುತ್ತಿದ್ದ.

ನನ್ನದು ಹೊಸ ಬ್ಯಾಟರಿ ಕಾರುಗಳ ಶೋರೂಮಿನಲ್ಲಿ ಸೇಲ್ಸ್ ಕೆಲಸ. ಎದುರು ಬದಿಯಲ್ಲಿ ಅವನ ಗ್ಯಾರೇಜು, ಸೋದರಮಾವನಿಂದ ಬಂದದ್ದು. ನಲವತ್ತು ವರ್ಷ ತುಂಬದ ಕಾರನ್ನು ಅವನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಹೊಸ ಕಾರುಗಳಲ್ಲಿ ಇಲ್ಲದ ಹಳೇ ಇಂಜಿನ್ ಭಾಗದ ಹೆಸರು ಹಿಡಿದು ಬೀದಿಯವರೆಲ್ಲ ಅವನನ್ನು ಕಾರ್ಬೊರೇಟರ್ ಅಂತಲೇ ಕರೆಯುತ್ತಾರೆ. ಒಂದು ವರ್ಷದಿಂದ ನಮ್ಮ ಪರಿಚಯ ಅಂದರೆ ಬರೀ ಜಗಳ.

"ನಿಮ್ಮ ಕಾರುಗಳಿಗೆಲ್ಲ ಒಂದೇ ಮುಖ ಮೇಡಂ, ಸವೆದ ಸೋಪಿನ ಹಾಗೆ. ನಮ್ಮವು ನೋಡಿ, ಒಂದಕ್ಕೆ ಮೂಗು ಚೆಂದ, ಇನ್ನೊಂದಕ್ಕೆ ಹುಬ್ಬು ಚೆಂದ."

"ಮುಖ ನೋಡಿ ಮಣೆ ಹಾಕೋರು ನೀವು. ನಿಮ್ಮ ಕಾರು ಎಲ್ಲಾದ್ರೂ ಗುದ್ದಿದ್ರೆ ಬಂಪರಿಗೆ ಏನೂ ಆಗಲ್ಲ, ಒಳಗಿದ್ದವರು ಪುಡಿಪುಡಿ. ನಮ್ದು ತಾನು ನಜ್ಜುಗುಜ್ಜಾಗಿ ಮನುಷ್ಯರನ್ನ ಉಳಿಸುತ್ತೆ."

"ಒಪ್ಪಿದೆ. ಆದ್ರೆ ಕೆಟ್ಟಾಗ ಏನಾಯ್ತು ಅಂತ ಬಾಯಿ ಬಿಡುತ್ತಾ? ಒಂದು ಕೆಂಪು ದೀಪ ತೋರಿಸಿ ಮೂತಿ ತಿರುಗಿಸುತ್ತೆ. ನಮ್ದು ಕೆಮ್ಮುತ್ತೆ, ಗೊಣಗುತ್ತೆ, ಒಂದು ವಾರ ಮುಂಚೆಯೇ ಹೇಳಿ ಕೆಡುತ್ತೆ."

ಹೀಗೆ ಹೇಳುತ್ತಾ ಬಾನೆಟ್ಟಿಗೆ ಕಿವಿಯಿಟ್ಟು ಕಣ್ಣು ಮುಚ್ಚುತ್ತಿದ್ದ. ಒಂದು ಕಣ್ಣು ಮಾತ್ರ ಮೆಲ್ಲಗೆ ತೆರೆದು, ನಾನು ನೋಡುತ್ತಿದ್ದೇನಾ ಎಂದು ನೋಡುತ್ತಿತ್ತು. ನೋಡುತ್ತಲೇ ಇರುತ್ತಿದ್ದೆ. ಆ ಒಂದು ಕಣ್ಣಿಗೋಸ್ಕರವೇ ಗೇರಿನ ಕಾರು ಕಲಿಯಬೇಕು ಎಂದು ನೆಪ ತೆಗೆದದ್ದು.

ಏರುರಸ್ತೆಯ ಆ ದಿನದ ನಂತರ ಹನ್ನೊಂದು ದಿನ ನಾನು ಆಚೆ ಬದಿ ನೋಡಲಿಲ್ಲ. ಅಂದರೆ, ದಿನಕ್ಕೆ ನೂರು ಸಲ ನೋಡಲಿಲ್ಲ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ, ಪಾಪ, ಗಿರಾಕಿಗಳು ನನ್ನಿಂದ ಬೈಸಿಕೊಂಡರು.

ಮನೆಯಲ್ಲಿ ಅಕ್ಕ ಹೊಲಿಗೆ ಮಿಷನ್ ನಿಲ್ಲಿಸಿ ಕೇಳಿದಳು: "ಬಾಲ ಸುಟ್ಟ ಬೆಕ್ಕಿನ ಹಾಗೆ ಯಾಕೆ ಓಡಾಡ್ತೀಯೇ? ಹೋಗಿ ಇನ್ನೊಂದ್ಸಲ ಕೇಳು. ಬಾಯಿದ್ದವರು ಬರದಲ್ಲೂ ಬದುಕ್ತಾರೆ."

"ಕೇಳಿದ್ದಾಯ್ತಲ್ಲ ಅಕ್ಕಾ. ನ್ಯೂಟ್ರಲ್ ಅಂತೆ."

"ಹಂಗಂದ್ರೆ?"

"ಏನೂ ಇಲ್ಲ ಅಂತ."

ಹನ್ನೆರಡನೇ ದಿನ ಬೆಳಿಗ್ಗೆ ಮ್ಯಾನೇಜರ್ ಕರೆದರು. ಏಳು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ ಹೊಸ ಶೋರೂಮು, ಅದನ್ನು ನಾನೇ ನೋಡಿಕೊಳ್ಳಬೇಕಂತೆ. ಸಂಜೆಯೊಳಗೆ ಹೂಂ ಅಥವಾ ಊಹೂಂ. ನಾನು ಕನಸು ಕಂಡಿದ್ದ ಕೆಲಸ ಅದು. ಹಾಳಾದ್ದು, ಖುಷಿಯೇ ಆಗಲಿಲ್ಲ.

ಮಧ್ಯಾಹ್ನ ಕಾರ್ಬೊರೇಟರ್ ಒಳಗೆ ಬಂದ. ಇಸ್ತ್ರಿ ಮಾಡಿದ ಅಂಗಿ. ಉಗುರುಗಳನ್ನು ಕೆಂಪಾಗುವಷ್ಟು ಉಜ್ಜಿದ್ದ.

"ಟೆಸ್ಟ್ ಡ್ರೈವ್ ಬೇಕಿತ್ತು" ಅಂದ, ನನ್ನನ್ನು ಬಿಟ್ಟು ಉಳಿದೆಲ್ಲವನ್ನೂ ನೋಡುತ್ತಾ. ಮ್ಯಾನೇಜರ್ ಹಿಗ್ಗಿ, ಕೀ ನನ್ನ ಕೈಗೇ ಕೊಟ್ಟರು.

ಡ್ರೈವರ್ ಸೀಟಿನಲ್ಲಿ ಕೂತವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿತು. ಕಾರು ಬೀಪ್ ಅಂದಿತು.

"ಬೆಲ್ಟ್ ಹಾಕಿ."

"ಇದಕ್ಕೆ ಅತ್ತೆ ಬುದ್ಧಿ" ಎಂದು ಗೊಣಗಿ ಹಾಕಿಕೊಂಡ. ನಗು ಬಂತು, ನುಂಗಿಕೊಂಡೆ. "ಈಗ ಸ್ಟಾರ್ಟ್ ಹೇಗೆ?" ಅಂದ.

"ಆಗಿದೆ."

"ಸದ್ದೇ ಇಲ್ವಲ್ಲ ಮೇಡಂ!"

ಎರಡು ತಿರುವು ದಾಟಿ, ಒಂದು ಶಾಲೆಯ ಕಾಂಪೌಂಡಿನ ಪಕ್ಕ ನಿಲ್ಲಿಸಿದ. "ಹನ್ನೊಂದು ದಿನ ಆಯ್ತು. ನಾನೇನು ತಪ್ಪು ಮಾಡಿದೆ?"

"ತಪ್ಪೇನಿಲ್ಲ. ನಾನು ನಮ್ಮ ವಿಷಯ ಕೇಳಿದೆ, ನೀವು ನ್ಯೂಟ್ರಲ್ ಅಂದ್ರಿ."

ಅವನು ಹಣೆ ಚಚ್ಚಿಕೊಂಡ. "ಅಯ್ಯೋ! ಕಾರು ಗೇರಲ್ಲಿತ್ತು, ನೀವು ಕೀ ತಿರುಗಿಸ್ತಾ ಇದ್ರಿ! ಮುಂದೆ ಹಾಲಿನ ವ್ಯಾನು! ಹಾಗೇ ಸ್ಟಾರ್ಟ್ ಆಗಿದ್ರೆ ನೆಗೆದು ಅದಕ್ಕೇ ಗುದ್ದುತ್ತಿತ್ತು. ನಾನು ಹೇಳಿದ್ದು ಗೇರಿಗೆ ಮೇಡಂ, ಗೇರಿಗೆ!"

ಡ್ರೈವಿಂಗ್ ಕಲಿಸುವವರ ಭಾಷೆಯೇ ಹಾಗೆ. ಫಸ್ಟ್‌ಗೆ ಬನ್ನಿ, ಸೆಕೆಂಡಿಗೆ ಹೋಗಿ ಅನ್ನುತ್ತಾರೆ. ಬರುವುದು ಹೋಗುವುದೆಲ್ಲ ಗೇರು. ಹನ್ನೊಂದು ದಿನ ನಾನು ಅತ್ತದ್ದು ಒಂದು ಗೇರಿಗಾಗಿ. ನಗು, ಅಳು ಒಟ್ಟಿಗೇ ಬಂದವು.

"ಹಾಗಾದ್ರೆ ನನ್ನ ಪ್ರಶ್ನೆ ಕೇಳಿಸಲೇ ಇಲ್ವಾ?"

ಅವನು ಸ್ಟೀರಿಂಗಿನ ಮೇಲಿಲ್ಲದ ದೂಳನ್ನು ಒರೆಸಿದ. "ಅರ್ಧ ಕೇಳಿಸಿತ್ತು. ಹಾರ್ನ್ ಸದ್ದಲ್ಲಿ ಕೇಳಿಸಲಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಮೇಡಂ. ನೀವು ಏಸಿಯಲ್ಲಿ ಇರೋರು, ನಾನು ಗ್ರೀಸಲ್ಲಿ ಇರೋನು. ನನ್ನ ಕಾರಲ್ಲಿ, ನನ್ನ ಗ್ಯಾರೇಜಲ್ಲಿ ಯಾವಾಗಲೂ ಏನಾದ್ರೂ ಸದ್ದು ಇರುತ್ತೆ, ಬಚ್ಚಿಟ್ಟುಕೊಳ್ಳಬಹುದು. ನಿಮ್ಮ ಕಾರಲ್ಲಿ ಆಗಲ್ಲ. ಅದಕ್ಕೇ ಬಂದೆ."

ಅವನು ಹೊಸ ಕಾರೊಂದನ್ನು ಹೊಗಳಿದ್ದು ಅದೇ ಮೊದಲು.

ನಾನು ಏಳು ಗಂಟೆ ದಾರಿಯ ಕೆಲಸದ ವಿಷಯ ಹೇಳಿದೆ. ಸಂಜೆಯೊಳಗೆ ಉತ್ತರ ಕೊಡಬೇಕೆಂದೂ ಹೇಳಿದೆ. ಹೋಗಬೇಡ ಅನ್ನಲಿ ಎಂದು ಆಸೆಯಾಯಿತು. ಅಂದುಬಿಟ್ಟರೆ ಏನು ಗತಿ ಎಂದು ಭಯವೂ ಆಯಿತು. ಅವನು ಬೆಲ್ಟ್ ಬಿಚ್ಚಿ ನನ್ನತ್ತ ತಿರುಗಿದ.

"ಹೋಗು" ಅಂದ.

ಮೊದಲ ಸಲ ಏಕವಚನ. ಅದು ಎದೆಗೆ ತಾಗಿ, ಆ ಮಾತಿನ ಅರ್ಥ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಹೋಗು, ಒಳ್ಳೇ ಕೆಲಸ, ಬಿಡಬೇಡ. ನಾನೂ ಬರ್ತೀನಿ. ಹಳೇ ಕಾರು ಅಲ್ಲೂ ಕೆಡ್ತವೆ."

"ಮಾವನ ಗ್ಯಾರೇಜು?"

"ಪಾನಾ, ಸ್ಕ್ರೂಡ್ರೈವರ್ ಪೆಟ್ಟಿಗೆ ಇದ್ದ ಕಡೆ ಗ್ಯಾರೇಜು. ನೀನಿಲ್ಲದೆ ಹನ್ನೊಂದು ದಿನ ನೋಡಿದೆ. ಹನ್ನೆರಡನೇದು ನನ್ನ ಕೈಲಿ ಆಗಲ್ಲ ಕಣೇ. ನೀನಂದ್ರೆ ನಂಗೆ ಪ್ರಾಣ."

ನಾನು ಅವನ ಕೈ ಹಿಡಿದುಕೊಂಡೆ. ಮೇಲೆ ಸೋಪಿನ ವಾಸನೆ, ಒಳಗೆ ಪೆಟ್ರೋಲು. ಬಿಡಲು ಮನಸ್ಸೇ ಬರಲಿಲ್ಲ.

ಅಷ್ಟರಲ್ಲಿ ಕಾರಿನ ಸ್ಕ್ರೀನ್ ಬೆಳಗಿ, ಮ್ಯಾನೇಜರ್ ದನಿ ನಾಲ್ಕೂ ಸ್ಪೀಕರಿನಲ್ಲಿ ಮೊಳಗಿತು: "ಏನಮ್ಮಾ, ಮುಕ್ಕಾಲು ಗಂಟೆ ಆಯ್ತು! ಗಿರಾಕಿ ಒಪ್ಪಿದ್ರಾ?"

ನಾನು ಅವನನ್ನು ನೋಡಿದೆ. ಅವನು ಕಿವಿಯವರೆಗೂ ಕೆಂಪಾಗಿ ತಲೆಯಾಡಿಸಿದ.

"ಒಪ್ಪಿದ್ರು ಸರ್" ಅಂದೆ. "ಕಾರು ಮಾತ್ರ ಬೇಡವಂತೆ."