ಅಪ್ಪನ ಕತ್ತರಿ

“ಅಣ್ಣನ ಸಿಂಹಾಸನಾನ ತಮ್ಮನೇ ಕಿತ್ಕೊಂಡ್ನಾ ಮಿಸ್?”

ಎದ್ದು ನಿಂತವಳು ಪಿಟೀಲು. ಪ್ರಶ್ನೆ ಕೇಳಲು ಶುರುಮಾಡಿದರೆ ನಿಲ್ಲಿಸುವವಳೇ ಅಲ್ಲ. ಅದಕ್ಕೇ ಕ್ಲಾಸಿನವರು ಇಟ್ಟ ಹೆಸರು ಅದು. ಮಿಸ್ ಹಳೇ ಕಾಲದ ಇಂಗ್ಲಿಷ್ ರಾಜರ ನಾಟಕವೊಂದನ್ನು ಓದಿ ಹೇಳುತ್ತಿದ್ದರು.

“ಹೂಂ. ಅಣ್ಣ ಹಾಸಿಗೆ ಹಿಡಿದಾಗ ತಮ್ಮ ‘ಎಲ್ಲಾ ನಾನು ನೋಡ್ಕೋತೀನಿ’ ಅಂದ. ಮೊದಲು ರಾಜನ ಉಂಗುರ ತಗೊಂಡ. ಆಮೇಲೆ ಸಿಂಹಾಸನ.”

“ಮನೆಯವರಿಗೇ ಹಾಗೆ ಮಾಡಿದ್ರೆ ಮರ್ಯಾದೆ ಹೋಗಲ್ವಾ?”

“ಹೋಗತ್ತೆ. ಆದ್ರೆ ಅಧಿಕಾರ ಇರೋನ ಎದುರಿಗೆ ಅದನ್ನ ಹೇಳೋರು ಯಾರು?”

“ಇವಳೇ ಹೇಳ್ತಾಳೆ ಮಿಸ್,” ಎಂದ ಹಿಂದಿನ ಬೆಂಚಿನ ಡುಮ್ಮ. “ರಾಜ ಕಿವಿ ಮುಚ್ಕೊಂಡು ಓಡ್ತಾನೆ!”

ಎಲ್ಲರೂ ನಕ್ಕರು. ಪಿಟೀಲು ನಗಲಿಲ್ಲ.

ಅವಳ ಅಪ್ಪ, ಚಿಕ್ಕಪ್ಪ ಇಬ್ಬರೂ ಟೈಲರ್‌ಗಳು. ಬಟ್ಟೆ ಕತ್ತರಿಸುವುದು ಅಪ್ಪ, ಹೊಲಿಯುವುದು ಚಿಕ್ಕಪ್ಪ. ಅಪ್ಪನ ದೊಡ್ಡ ಕತ್ತರಿಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ಈಗ ಅಪ್ಪ ಮೆಟ್ಟಿಲಿಂದ ಬಿದ್ದು, ಬಲಗೈ ಮುರಿದುಕೊಂಡು ಮಲಗಿದ್ದರು. “ಅಂಗಡಿ ನಾನು ನೋಡ್ಕೋತೀನಿ ಅಣ್ಣ,” ಎಂದಿದ್ದರು ಚಿಕ್ಕಪ್ಪ. ನಿನ್ನೆ ನೋಡಿದರೆ ಅಂಗಡಿ ಗೋಡೆಯ ಮೊಳೆಯಲ್ಲಿ ಆ ಕತ್ತರಿ ಇರಲಿಲ್ಲ!

ಚಿಕ್ಕಪ್ಪನಿಂದ ಕತ್ತರಿ ಕಿತ್ತುಕೊಂಡು ಅಪ್ಪನ ಕೈಗೇ ಕೊಡಬೇಕು. ಹಾಗೆಂದುಕೊಂಡು ಸಂಜೆ ಅವಳು ಅಂಗಡಿಯ ಹಿಂಬಾಗಿಲಿನಿಂದ ಸದ್ದಿಲ್ಲದೆ ಒಳಗೆ ನುಸುಳಿದಳು.

ಒಳಗೆ ಮಬ್ಬುಗತ್ತಲು. ಬಟ್ಟೆ ತೊಡಿಸುವ ತಲೆಯಿಲ್ಲದ ಬೊಂಬೆಗಳು ಸಾಲಾಗಿ ನಿಂತಿದ್ದವು. ಹಗಲಲ್ಲಿ ಅವು ಬರೀ ಬೊಂಬೆಗಳು. ಈಗ ಮಾತ್ರ ಯಾರಿಗೋ ಹೆದರಿ ಉಸಿರು ಬಿಗಿಹಿಡಿದು ನಿಂತಂತಿದ್ದವು.

“ಅಣ್ಣಾ... ಕತ್ತರಿ ಹಾಕ್ಲಾ?”

ಚಿಕ್ಕಪ್ಪನ ದನಿ. ಯಾರನ್ನು ಕೇಳುತ್ತಿದ್ದಾರೆ? ಅಪ್ಪ ಮನೆಯಲ್ಲಿದ್ದಾರಲ್ಲ!

ಒಂದೇ ಒಂದು ದೀಪದ ಕೆಳಗೆ ಚಿಕ್ಕಪ್ಪ ನಿಂತಿದ್ದರು. ಮೇಜಿನ ಮೇಲೆ ಹಾಸಿದ ಬಟ್ಟೆ, ಕೈಯಲ್ಲಿ ಅಪ್ಪನ ಕತ್ತರಿ. ಎದುರಿಗಿದ್ದ ಬೊಂಬೆಗೆ ಅಪ್ಪನ ಚೌಕುಳಿ ಅಂಗಿ ತೊಡಿಸಿದ್ದರು. ಚಿಕ್ಕಪ್ಪ ಅದರ ಉತ್ತರಕ್ಕಾಗಿ ಕಾಯುತ್ತಿದ್ದರು. ಕಿಟಕಿಯ ಗಾಳಿಗೆ ಅಂಗಿಯ ಖಾಲಿ ತೋಳು ನಿಧಾನವಾಗಿ ಮೇಲೆದ್ದು ಕೆಳಗಿಳಿಯಿತು.

ಕತ್ತರಿ ಬಾಯಿ ತೆರೆಯಿತು. ಬಟ್ಟೆ ಮುಟ್ಟದೆ ಮುಚ್ಚಿಕೊಂಡಿತು. ಮತ್ತೆ ತೆರೆಯಿತು.

“ಹೇಳಣ್ಣ. ತಪ್ಪಿದ್ರೆ ನಿನ್ನ ಹೆಸರೇ ಹಾಳಾಗತ್ತೆ.”

ಬಟ್ಟೆಗೆ ಕತ್ತರಿ ಇಡುವ ಮುನ್ನ ಅಪ್ಪ ಯಾವಾಗಲೂ ಗಂಟಲಲ್ಲೇ ಒಂದು ಸದ್ದು ಮಾಡುತ್ತಿದ್ದರು. ಪಿಟೀಲಿಗೆ ಅದು ನೆನಪಾಯಿತು. ಕತ್ತಲಲ್ಲಿ ನಿಂತೇ ಅವಳು ಅದೇ ಸದ್ದು ಮಾಡಿದಳು.

“ಹ್ಞೂಂ.”

“ಅಯ್ಯಯ್ಯೋ! ಯಾರದು?”

“ನಾನು ಚಿಕ್ಕಪ್ಪ.”

“ಜೀವ ಬಾಯಿಗೆ ಬಂತಲ್ಲೇ ತಾಯಿ! ಬೊಂಬೆನೇ ಮಾತಾಡ್ತು ಅಂದ್ಕೊಂಡೆ!” ಚಿಕ್ಕಪ್ಪ ಎದೆ ನೀವಿಕೊಂಡರು. “ಏನಕ್ಕೆ ಬಂದೆ ಈಗ?”

ಅವಳು ದೀಪದ ಬೆಳಕಿಗೆ ಬಂದಳು. ಮೇಜಿನ ಪಕ್ಕದಲ್ಲಿ ಅಪ್ಪನ ಸ್ಟೂಲ್ ಖಾಲಿಯಿತ್ತು.

“ಯಾಕೆ ನಿಂತೇ ಇದೀರ? ಕೂತ್ಕೋಬಾರ್ದಾ?”

“ಅದು ಅಣ್ಣನ ಜಾಗ ಕಣೇ,” ಎಂದರು ಚಿಕ್ಕಪ್ಪ, ಇಷ್ಟೂ ಗೊತ್ತಿಲ್ಲವಾ ಎನ್ನುವ ಹಾಗೆ.

ಪಿಟೀಲು ಮುಂದೆ ಏನೂ ಕೇಳಲಿಲ್ಲ. ಮೇಜಿನ ಆಚೆ ಬದಿಗೆ ಹೋಗಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

“ಹಾಕಿ ಚಿಕ್ಕಪ್ಪ.”

ಕರಕರ ಎಂದು ಕತ್ತರಿ ಬಟ್ಟೆಯೊಳಗೆ ಹೊರಟಿತು. ಬೆನ್ನ ಹಿಂದೆ ಅಂಗಿಯ ತೋಳು ಮತ್ತೆ ಅಲ್ಲಾಡಿ ಅವಳ ಭುಜ ಸವರಿತು. ಅವಳು ತಿರುಗಿ ನೋಡಲಿಲ್ಲ, ಅಂಚನ್ನೂ ಬಿಡಲಿಲ್ಲ.