ಹೆಬ್ಬೆರಳಿನಷ್ಟು ಜಾಗ

"ಒಡೀಬೇಡಿ!"

ಕೂಗು ಮುಗಿಯುವ ಮೊದಲೇ ಸುತ್ತಿಗೆ ಬಿದ್ದಿತ್ತು. ಮೊದಲ ಮಡಕೆ ಹೋಳಾಯಿತು. ಹಿಂದೆಯೇ ಇನ್ನೊಂದು.

ಹೊಸದಾಗಿ ಕೆಲಸಕ್ಕೆ ಸೇರಿದ್ದ ಕುಂಬಾರ ಬಾಗಿಲಲ್ಲೇ ನಿಂತುಬಿಟ್ಟ. ನೀರು ಸೋಸುವ ಮಡಕೆಗಳ ಈ ಕಾರ್ಖಾನೆಯಲ್ಲಿ ಅವನು ಮಾಡಿದ ಮೊದಲ ಮಡಕೆಗಳು ಅವು. ಒಡೆಯುತ್ತಿದ್ದವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಮರುಕವೂ ಇರಲಿಲ್ಲ.

"ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಿಮಗೆ ನಿಮಿಷಾನೂ ಬೇಡ ನೋಡಿ!"

"ನೀರು ಇಳೀತಿಲ್ಲ," ಎಂದಳು ಅವಳು. "ನಿನ್ನೆಯಿಂದ ತುಂಬಿಟ್ಟಿದ್ದೀನಿ. ಕೆಳಗಿನ ಬಕೆಟ್ಟು ಒಣಗಿದೆ. ಒಳಗೆ ಏನು ಮಾಡಿದ್ರಿ?"

"ನುಣ್ಣಗಿನ ಕಲ್ಲಿಂದ ಉಜ್ಜಿದೆ. ಸೋರೋ ಮಡಕೆ ಮಾಡಿದ್ರೆ ಕುಂಬಾರನ ಮಾನ ಸೋರುತ್ತೆ ಅನ್ನೋನು ನಮ್ಮಜ್ಜ."

"ಇಲ್ಲಿ ಸೋರದಿದ್ರೆ ಮಾನ ಹೋಗುತ್ತೆ."

ಮಣ್ಣು ಕಲಸುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಬೆನ್ನ ಹಿಂದೆ ಅವರು ಅವಳಿಗಿಟ್ಟ ಹೆಸರು 'ಸುತ್ತಿಗೆ ಮೇಡಂ'. ನೀರು ಸೋಸದ ಮಡಕೆಯನ್ನು ಒಡೆಯಲೇಬೇಕಿತ್ತು. ಇಲ್ಲವಾದರೆ ಯಾರೋ ಅದನ್ನು ಮನೆಗೊಯ್ದು, ನಂಬಿ, ಅದರೊಳಗಿನ ಸೋಸದ ನೀರನ್ನೇ ಮಕ್ಕಳಿಗೆ ಕುಡಿಸುತ್ತಿದ್ದರು.

ಅವಳು ಹಸಿ ಮಣ್ಣಿನ ಉಂಡೆಯೊಂದನ್ನು ಅವನ ಮುಂದಿಟ್ಟಳು. "ಇದರಲ್ಲಿ ಮರದ ಹೊಟ್ಟು ಕಲಸಿದೆ. ಬೆಂಕಿಯಲ್ಲಿ ಹೊಟ್ಟು ಉರಿದುಹೋಗುತ್ತೆ. ಅಲ್ಲೆಲ್ಲ ಕಣ್ಣಿಗೆ ಕಾಣದ ತೂತು ಉಳಿಯುತ್ತೆ. ನೀರು ದಾಟುತ್ತೆ, ಕೊಳೆ ದಾಟಲ್ಲ. ನೀವು ಉಜ್ಜಿ ಆ ತೂತುಗಳನ್ನೇ ಮುಚ್ಚಿದ್ದೀರಿ."

"ಅಂದ್ರೆ... ಉರಿದುಹೋದದ್ದರ ಜಾಗವೇ ಕೆಲಸ ಮಾಡೋದು?"

ಅವಳ ಕೈ ತಟ್ಟನೆ ನಿಂತಿತು.

ಇದೇ ಮಾತು! ಇದೇ ಬಾಗಿಲಲ್ಲಿ ನಿಂತು ಅವಳ ಗಂಡ ಬಂದವರಿಗೆಲ್ಲ ಹೇಳುತ್ತಿದ್ದ ಮಾತು. ಈ ಕಾರ್ಖಾನೆ ಕಟ್ಟಿದವನು ಅವನು. ಒಂದು ಬೆಳಿಗ್ಗೆ ಹೊಟ್ಟು ತರಲು ಹೋದ. ದಾರಿಯಲ್ಲಿ ಅಪಘಾತ. ಹೊಟ್ಟಿನ ಚೀಲಗಳು ಬಂದವು. ಅವನು ಬರಲಿಲ್ಲ.

ಅವಳು ಹೊರನಡೆದಳು.

*

ಮನೆಯಲ್ಲಿ ಇದ್ದದ್ದು ಅತ್ತೆ, ಅವಳು, ಮತ್ತು ಒಂದು ಮಡಕೆ.

ಅವಳ ಗಂಡ ಕೈಯಾರೆ ಅಚ್ಚಿಗೆ ಒತ್ತಿದ ಮೊದಲ ಮಡಕೆ ಅದು. ಅಚ್ಚಿನಿಂದ ತೆಗೆದ ಮೇಲೆ ಒಳಗಿನ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಅವನು ಮರೆತಿದ್ದ. ಹಾಗಾಗಿ ತಳದಲ್ಲಿ ಅವನ ಹೆಬ್ಬೆರಳಿನ ಗುರುತು ಉಳಿದಿತ್ತು, ಗೆರೆಗೆರೆಯಾಗಿ.

ತೊಟ್... ತೊಟ್...

ಮಡಕೆಯಿಂದ ಬಕೆಟ್ಟಿಗೆ ತೊಟ್ಟಿಕ್ಕುವ ಆ ಸದ್ದು ಇರುವವರೆಗೂ ಅವನು ಪಕ್ಕದ ಕೋಣೆಯಲ್ಲಿ ಓಡಾಡುತ್ತಿದ್ದ. ಅವಳು ತಿರುಗಿ ನೋಡುತ್ತಿರಲಿಲ್ಲ. ನೋಡಿದರೆ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಈಚೆಗೆ ತೊಟ್ಟು ನಿಧಾನವಾಗಿತ್ತು. ಮಡಕೆ ಕೊಳೆ ಹಿಡಿದು ಕಟ್ಟಿಕೊಳ್ಳುತ್ತಿತ್ತು. ಬ್ರಷ್ಷಿನಿಂದ ಒಳಗೆ ತಿಕ್ಕಿದರೆ ಮತ್ತೆ ಬಿಟ್ಟುಕೊಳ್ಳುತ್ತದೆ. ಮನೆಮನೆಗೆ ಹೋಗಿ ಅದನ್ನು ಹೇಳಿಕೊಟ್ಟವಳೇ ಅವಳು. ಆದರೆ ತಿಕ್ಕಿದರೆ ಮಣ್ಣಿನ ತೆಳು ಪದರವೂ ಹೋಗುತ್ತದೆ... ಅವನ ಬೆರಳೂ ಹೋಗುತ್ತದೆ.

ಅವಳು ತಿಕ್ಕಲಿಲ್ಲ. ಕುಡಿಯಲು ನೀರು ಕುದಿಸತೊಡಗಿದಳು.

"ಸೌದೆ ಸುಡೋರು ಸುಡ್ತಾರೆ, ಮನೇಲಿ ಫಿಲ್ಟರ್ ಇಟ್ಕೊಂಡು!" ಎಂದು ಅತ್ತೆ ಗೊಣಗಿದಳು. "ಊರಿಗೆಲ್ಲ ಬುದ್ಧಿ ಹೇಳೋಳು ನೀನು."

*

ಕುಂಬಾರ ಕಲ್ಲನ್ನು ಬಿಟ್ಟ. ಅವನ ಮಡಕೆಗಳು ಸೋರತೊಡಗಿದವು. ಪ್ರತಿ ಮಡಕೆಯನ್ನೂ ಎತ್ತಿ ಹಿಡಿದು ಕೇಳುತ್ತಿದ್ದ, "ಮೇಡಂ, ಇವನು ಪಾಸೋ, ಫೇಲೋ?"

"ಪಾಸು."

"ಅಪ್ಪನಿಗಿಂತ ಜಾಣ! ನಾನು ಯಾವತ್ತೂ ಪಾಸಾದೋನಲ್ಲ."

ಅವಳಿಗೆ ನಗು ಬಂದುಬಿಟ್ಟಿತು. ಎಷ್ಟು ದಿನವಾಗಿತ್ತೋ ಏನೋ! ತನ್ನ ನಗು ತನಗೇ ಅಪರಿಚಿತವೆನಿಸಿತು.

ಆ ಸಂಜೆ ಮನೆಯಲ್ಲಿ ಮಡಕೆ ಪೂರ್ತಿ ಮೌನವಾಗಿತ್ತು.

'ನಾನು ನಕ್ಕಿದ್ದಕ್ಕೇ ನೀನು ಹೊರಟೆಯಾ?'

ಮರುದಿನದಿಂದ ಅವಳು ಕುಂಬಾರನ ಕಡೆ ಕಣ್ಣೆತ್ತಿ ನೋಡಲಿಲ್ಲ.

*

ಒಂದು ಮಧ್ಯಾಹ್ನ ಬೇಗ ಮನೆಗೆ ಬಂದಳು. ಅಡುಗೆಮನೆಯಲ್ಲಿ ಕರಕರ ಸದ್ದು.

ಕುಂಬಾರ ನೆಲದ ಮೇಲೆ ಕೂತಿದ್ದ. ತೊಡೆಯ ಮೇಲೆ ಆ ಮಡಕೆ. ಕೈಯಲ್ಲಿ ಬ್ರಷ್ಷು.

"ಮುಟ್ಟಬೇಡಿ!"

ಅವನು ಬೆಚ್ಚಿದ. "ಮೇಡಂ, ನಾನು..."

"ಯಾರು ಹೇಳಿದ್ದು ನಿಮಗೆ? ಅವನದು ಅಂತ ಉಳಿದದ್ದು ಅದೊಂದೇ! ಉಜ್ಜಿ ಹಾಕಿಬಿಟ್ರಲ್ಲ... ಹೊರಡಿ. ನಾಳೆಯಿಂದ ಕೆಲಸಕ್ಕೂ ಬರಬೇಡಿ!"

ಅವನು ಅವಳ ಮುಖ ನೋಡಿದ. ಮಡಕೆಯನ್ನು ಮೆಲ್ಲಗೆ ಬಕೆಟ್ಟಿನ ಮೇಲಿಟ್ಟು ಹೊರಟುಹೋದ.

"ಕರೆಸಿದ್ದು ನಾನು," ಎಂದಳು ಅತ್ತೆ. ಚೊಂಬಿನಿಂದ ಮಡಕೆಗೆ ನೀರು ಸುರಿಯತೊಡಗಿದಳು. "ನಿನ್ನ ಗಂಡನ್ನ ಹೆತ್ತೋಳು ನಾನು. ನನಗಿಲ್ವಾ ಸಂಕಟ? ಆದ್ರೆ ಅವನ ಹೆಸರಲ್ಲಿ ನೀನು ಒಣಗೋದನ್ನ ನೋಡ್ತಾ ಕೂರಕ್ಕಾಗಲ್ಲ. ಬೈಯೋ ಮುಂಚೆ ಒಳಗೆ ನೋಡ್ಬಾರದಿತ್ತಾ, ಮಗಳೇ?"

ಅವಳಿಗೆ ನೋಡುವ ಧೈರ್ಯವಿರಲಿಲ್ಲ. ಗೋಡೆಗೊರಗಿ ಕೂತಳು. ಬಿಸಿಲು ಕಿಟಕಿ ದಾಟಿತು.

ತೊಟ್.

ಅವಳು ತಲೆಯೆತ್ತಿದಳು.

ತೊಟ್... ತೊಟ್...

ಎದ್ದು ಹೋಗಿ ಮಡಕೆಯೊಳಗೆ ಬಗ್ಗಿದಳು. ಸುತ್ತಲೂ ಮಣ್ಣು ಹೊಸದಾಗಿ ಕೆಂಪಾಗಿತ್ತು. ತಳದಲ್ಲಿ ಮಾತ್ರ ಒಂದು ಸಣ್ಣ ಕಪ್ಪು ವೃತ್ತ, ಬ್ರಷ್ಷು ತಾಗದ ಜಾಗ. ಅದರ ನಡುವೆ, ನೀರಿನಡಿ, ಅವನ ಹೆಬ್ಬೆರಳು. ಒಂದು ಗೆರೆಯೂ ಅಳಿದಿರಲಿಲ್ಲ.

*

ಬೆಳಿಗ್ಗೆ ಅವಳು ಕಾರ್ಖಾನೆಗೆ ಬಂದಾಗ ಕುಂಬಾರ ತನ್ನ ಸಾಮಾನು ಗಂಟು ಕಟ್ಟುತ್ತಿದ್ದ.

"ಗುರುತಿದೆ ಅಂತ ಹೇಗೆ ಗೊತ್ತಾಯ್ತು?"

"ಮಣ್ಣು ಮುಟ್ಟೋನಿಗೆ ಬೆರಳು ಕಾಣದೇ ಇರುತ್ತಾ?"

"ನಾನು ಬೈದಾಗ ಹೇಳ್ಬಹುದಿತ್ತಲ್ಲ!"

"ನೀವು ಬೈದದ್ದು ನನ್ನನ್ನಲ್ಲ ಅನ್ನಿಸ್ತು."

ಗಂಡ ಸತ್ತಾಗಲೂ ಬಾರದ ಅಳು ಅವಳಿಗೆ ಹೊಟ್ಟಿನ ಚೀಲಗಳ ನಡುವೆ ನಿಂತಾಗ ಬಂತು.

"ಹೋಗಬೇಡಿ," ಎಂದಳು. "ನೀವು ಬಂದ ಮೇಲೆ ನಾನು ನಕ್ಕಿದ್ದೆ. ಅದಕ್ಕೇ ಹೆದರಿದ್ದೆ... ಆದ್ರೆ ಕೇಳಿ, ಅವನು ನನ್ನ ಬಿಟ್ಟು ಹೋಗಲ್ಲ. ನಾನಿದ್ದ ಕಡೆ ಆ ಮಡಕೆ ತೊಟ್ಟಿಕ್ಕೋ ಸದ್ದೂ ಇರುತ್ತೆ."

"ಇರಲಿ ಬಿಡಿ. ಮೊದಲಾಗಿದ್ರೆ ಹೆದರ್ತಿದ್ದೆ. ಈಗ ಸೋರೋದಕ್ಕೆ ಹೆದರಲ್ಲ."

ಅವನು ಹಲಗೆಯ ಮೇಲಿದ್ದ ಹಸಿ ಮಡಕೆಯೊಂದನ್ನು ಮುಂದೆ ತಂದ. "ನಿಮ್ಮ ಮನೆಗೆ ಅಂತ ಒತ್ತಿದ್ದು. ಆ ಹಳೇ ಮಡಕೆ ಎಂದಾದ್ರೂ ನಿಂತರೆ ಇರಲಿ ಅಂತ. ಚೆನ್ನಾಗಿ ಒರೆಸಿದ್ದೀನಿ. ನನ್ನ ಗುರುತೇನೂ ಬಿಟ್ಟಿಲ್ಲ."

ಅವಳು ಒಳಗೆ ನೋಡಿದಳು. ತಳ ಸಾಫಾಗಿತ್ತು.

"ಫೇಲ್," ಎಂದು ಸುತ್ತಿಗೆ ಎತ್ತಿಕೊಂಡಳು.

"ಹಾಂ? ಇನ್ನೂ ಸುಟ್ಟೇ ಇಲ್ವಲ್ಲ!"

ಅವಳು ಸುತ್ತಿಗೆಯನ್ನು ಕೆಳಗಿಟ್ಟಳು. ಅವನ ಕೈ ಹಿಡಿದು, ಹೆಬ್ಬೆರಳನ್ನು ಹಸಿ ಮಣ್ಣಿಗೆ ಮೆಲ್ಲಗೆ ಒತ್ತಿದಳು.

"ಈಗ ಪಾಸಾ, ಮೇಡಂ?"

"ಮೇಡಂ ಅನ್ನಬೇಡ."

"ಮತ್ತೆ ಏನಂತ ಕರೀಲಿ?"

"ಮಡಕೆ ಸುಟ್ಟು ಬರೋವರೆಗೂ ಸಮಯ ಇದೆ. ಯೋಚನೆ ಮಾಡು."